ಎಡಗಿವಿಯ ವೈರು

ವಿರೂಪಾಕ್ಷಪ್ಪನವರು ಕಟ್ಟೆಯ ಮೇಲಿಂದ ಕೂಗಿದರೆ ಒಳಗಿನಿಂದ ಉತ್ತರ ಬರಬೇಕು. ಮರಳಿ ಎಂಬ ಊರಿನ ಆ ಮನೆಯ ಕಾಯಿದೆ ಅದು. ಕೂಗುವಾಗ ಅವರು ಯಾರ ಹೆಸರನ್ನೂ ಹಿಡಿಯುವುದಿಲ್ಲ. "ಯಾರದೀರಿ ಒಳಗ?" ಎನ್ನುತ್ತಾರೆ, ಅಷ್ಟೆ. ಮನೆ ತುಂಬ ಜನರಿದ್ದರೂ ಆ ಪ್ರಶ್ನೆ ಸೊಸೆಗೇ ಎಂದು ಎಲ್ಲರಿಗೂ ಗೊತ್ತು. ಸೊಸೆಯ ಕೈ ಹಿಟ್ಟಿನಲ್ಲಿರಲಿ, ತಲೆಗೆ ಸೀಗೆಕಾಯಿ ಹಚ್ಚಿಕೊಂಡಿರಲಿ, "ಅದೀನ್ರಿ ಮಾವಾರ" ಎಂಬ ಮಾತು ಹೊರಗೆ ಬರಲೇಬೇಕು. ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರಾಗಿದ್ದಷ್ಟು ಕಾಲ ವಿರೂಪಾಕ್ಷಪ್ಪನವರು ಯಾರನ್ನೂ ಕೂಗಿದವರಲ್ಲ; ಅವರನ್ನೇ ಎಲ್ಲರೂ ಕೂಗುತ್ತಿದ್ದರು. ನಿವೃತ್ತಿಯಾದ ಮೇಲೆ ಆ ಸೇಡನ್ನು ಮನೆಯವರ ಮೇಲೆ ತೀರಿಸಿಕೊಳ್ಳುತ್ತಿದ್ದರು.

ಶ್ರಾವಣ ಮುಗಿದ ವಾರ ಒಂದು ದಿನ ಅವರು ಮೂರು ಸಲ ಕೂಗಿದರೂ ಒಳಗಿನಿಂದ ಸದ್ದಿಲ್ಲ. ಎದ್ದು ಒಳಗೆ ಬಂದರು. ಪಡಸಾಲೆಯಲ್ಲಿ ಮಗಳು ರೂಪಾ ಕಿವಿಗೆ ಇಯರ್‌ಫೋನು ಸಿಕ್ಕಿಸಿಕೊಂಡು ಮೊಬೈಲು ನೋಡುತ್ತ ಮಲಗಿದ್ದಳು. ಅವಳನ್ನು ದಾಟಿ ಹೋದರು. ಭತ್ತದ ಚೀಲಗಳನ್ನು ಒಟ್ಟಿದ ಕೋಣೆಯ ಬಾಗಿಲು ನೂಕಿದರೆ, ಚೀಲಗಳ ನಡುವೆ ಸೊಸೆ ಭವಾನಿ ಕುಳಿತಿದ್ದಾಳೆ. ಎರಡೂ ಕಿವಿಗೆ ಕರಿ ಮೆತ್ತೆಯ ಹೆಡ್‌ಫೋನು. ಎಡಗಿವಿಯ ಕಡೆಯಿಂದ ಕಡ್ಡಿಯಂಥ ಮೈಕು ಬಾಗಿ ಬಾಯಿಯ ಹತ್ತಿರ ಬಂದಿದೆ. ಎರಡು ಕಿವಿಯಿಂದ ಎರಡು ವೈರು ಇಳಿದು, ಎದೆಯ ಹತ್ತಿರ ಒಂದಾಗಿ, ಲ್ಯಾಪ್‌ಟಾಪಿನ ತೂತಿಗೆ ಸೇರಿವೆ.

"ಏನವಾ, ಕಿವಿ ಹೋದುವೇನು ನಿನ್ನವು?"

ಭವಾನಿ ನೆರಳು ಕಂಡು ಬೆಚ್ಚಿ ಹೆಡ್‌ಫೋನು ತೆಗೆದಳು. "ಟ್ರೇನಿಂಗ್ ನಡದೈತ್ರಿ ಮಾವಾರ. ಕರದಿದ್ರೇನ್ರಿ?"

"ಮೂರ ಸಲ ಕರದೆ. ನೀರಿಲ್ದ ಗಂಟಲ ಒಣಗೈತಿ."

"ರೂಪಾ ಅಲ್ಲೇ ಅದಾಳಲ್ರಿ."

"ರೂಪಾನ್ನ ಕರದ್ನೇನು ನಾ?"

ಭವಾನಿ ಎದ್ದು ನೀರು ಕೊಟ್ಟಳು. ಎದ್ದ ರಭಸಕ್ಕೆ ಪಿನ್ನು ಕಿತ್ತು ಬಂದು, ಲ್ಯಾಪ್‌ಟಾಪಿನಲ್ಲಿ ಹೇಳುತ್ತಿದ್ದ ಪಾಠ ಗಟ್ಟಿಯಾಗಿ ಕೋಣೆಯಲ್ಲೆಲ್ಲ ಒದರಿತು.

ಅವಳು ಹನುಮಸಾಗರದ ಹುಡುಗಿ, ಬಿ.ಕಾಂ. ಓದಿದವಳು. ಮದುವೆಯಾಗಿ ಮೂರು ವರ್ಷ ಕೆಲಸ ಕೇಳಿದಲ್ಲೆಲ್ಲ ಇಲ್ಲ ಎನ್ನಿಸಿಕೊಂಡ ಮೇಲೆ ಇದೊಂದು ಸಿಕ್ಕುವಂತಾಗಿತ್ತು. ಬೀಜದ ಕಂಪನಿಯೊಂದು ರೈತರ ಫೋನಿಗೆ ಉತ್ತರ ಹೇಳಲು, ಮನೆಯಿಂದಲೇ ಕೆಲಸ ಮಾಡುವ ಹೆಣ್ಣುಮಕ್ಕಳನ್ನು ಹುಡುಕುತ್ತಿತ್ತು. ಈ ಕಡೆಯ ರೈತರಿಗೆ ಈ ಕಡೆಯ ಮಾತೇ ಬೇಕು ಎಂದು ಅವಳನ್ನು ಆರಿಸಿದ್ದರು. ನಾಲ್ಕು ವಾರ ತರಬೇತಿ, ಕೊನೆಗೆ ಒಂದು ದಿನದ ಪರೀಕ್ಷೆ. ಅದರಲ್ಲಿ ಗೆದ್ದರೆ ಕೆಲಸ ಕಾಯಂ. ಹೆಡ್‌ಫೋನು ಕಂಪನಿಯೇ ಕಳಿಸಿತ್ತು. ವೈರಿನದೇ ಬೇಕು, ವೈರಿಲ್ಲದ್ದು ಮಾತಿನ ನಡುವೆ ಕೈ ಕೊಡುತ್ತದೆ. ಎರಡೂ ಕಿವಿ ಮುಚ್ಚಿರಬೇಕು, ಇಲ್ಲದಿದ್ದರೆ ಮನೆಯ ಗದ್ದಲದಲ್ಲಿ ರೈತ ಹೇಳಿದ್ದು ತಪ್ಪಿ ಹೋಗುತ್ತದೆ. ಅಭ್ಯಾಸಕ್ಕೆಂದು ಕೇಳಿಸುವ ಕರೆಗಳಲ್ಲಿ ರೈತರು "ಮೇಡಂರ, ನೀವಾ ಹೇಳ್ರಿ" ಎನ್ನುತ್ತಿದ್ದರು. ಆ "ನೀವು" ಕಿವಿಗೆ ಬಿದ್ದಾಗ ಭವಾನಿ ತಾನಾಗಿಯೇ ನೆಟ್ಟಗೆ ಕೂರುತ್ತಿದ್ದಳು. ಆ ಮನೆಯಲ್ಲಿ ಅವಳಿಗೆ ಹಾಗೆ ಯಾರೂ ಅಂದಿರಲಿಲ್ಲ.

ಆ ದಿನ ಊಟಕ್ಕೆ ಕುಳಿತಾಗ ವಿರೂಪಾಕ್ಷಪ್ಪನವರು ರೊಟ್ಟಿ ಮುರಿಯುತ್ತ ಮಗನಿಗೆ ಹೇಳಿದರು. "ಹಾಲೇಶಾ, ನಿನ್ನ ಹೇಂತಿಗೆ ಹೇಳು. ಕಿವಿ ಮುಚಗೊಂಡು ಕುಂದ್ರೂ ಸೊಸಿ ನಮಗ ಬ್ಯಾಡ."

ಹಾಲೇಶ ಗಂಗಾವತಿಯ ಗೊಬ್ಬರದ ಅಂಗಡಿಯಲ್ಲಿ ಕೆಲಸಕ್ಕಿದ್ದ. ದಿನವಿಡೀ ಮಾಲೀಕನಿಗೂ ಗಿರಾಕಿಗೂ ಹೌದ್ರಿ ಹೌದ್ರಿ ಎಂದು ಬಾಯಿ ಸವೆಸಿಕೊಂಡು ಬರುವವನು. ಮನೆಯಲ್ಲೂ ಅದೇ ರೂಢಿ. "ಹೌದಪಾ" ಎಂದ. ಆಮೇಲೆ ಹೆಂಡತಿಯ ಮುಖ ನೋಡಿ, "ಆದ್ರ ಕೆಲಸಾನೂ ಛಲೋ ಐತಪಾ" ಎಂದ.

"ರೂಪಾನೂ ಕಿವ್ಯಾಗ ಹಾಕ್ಕೊಂತಾಳ್ರಿ," ಭವಾನಿ ಸಾರು ಬಡಿಸುತ್ತ ಅಂದಳು.

"ಅಕಿ ಮಗಳು," ಅತ್ತೆ ಶಿವಬಸಮ್ಮ ಥಟ್ಟನೆ ಅಂದರು.

"ಮಗಳ ಕೈಲೆ ನೀರು ಇಳಿಯಂಗಿಲ್ಲೇನ್ರಿ ಗಂಟಲದಾಗ?"

"ನೋಡಿದ್ರೇನು? ನೋಡಿದ್ರೇನು ಇಕಿ ಮಾತು?" ವಿರೂಪಾಕ್ಷಪ್ಪನವರು ತಾಟು ಸರಿಸಿದರು. ರೂಪಾ ಮೊಬೈಲಿನಿಂದ ತಲೆ ಎತ್ತಲಿಲ್ಲ. ತನ್ನ ಹೆಸರು ಬಂದಾಗ ಕೇಳಿಸದಂತೆ ಇರುವುದನ್ನು ಅವಳು ಚೆನ್ನಾಗಿ ಕಲಿತಿದ್ದಳು.

ಎರಡನೆಯ ವಾರ ಭವಾನಿ ಬೆಳಕು ಹರಿಯುವ ಮೊದಲೇ ಎದ್ದು ರೊಟ್ಟಿ ಬಡಿದು, ಪುಂಡಿಪಲ್ಯ ಮಾಡಿ, ಅನ್ನಕ್ಕಿಟ್ಟು, ಮಾವನ ತಂಬಿಗೆ ತುಂಬಿ ಕಟ್ಟೆಯ ಮೇಲೇ ಇಟ್ಟು ಕೋಣೆಗೆ ಹೋಗತೊಡಗಿದಳು. ಇಷ್ಟಾದರೂ ಕರೆ ತಪ್ಪಲಿಲ್ಲ. ನೀರಿದ್ದರೆ ಚಹಾ, ಚಹಾ ಆದರೆ ಕನ್ನಡಕ, ಕನ್ನಡಕ ಸಿಕ್ಕರೆ ಬಿಸಿಲು ಬಂತು ಖುರ್ಚಿ ಸರಿಸು. ಕೂಗುವುದಕ್ಕೆ ಕಾರಣವಿದ್ದರೆ ತಾನೇ ಕಾರಣ ತಪ್ಪಿಸಬಹುದು!

ಶಿವಬಸಮ್ಮನಿಗೆ ಸೊಸೆ ಒಳಗೆ ಹಾಡು ಕೇಳುತ್ತಿದ್ದಾಳೆ ಎಂಬ ಅನುಮಾನ. ಒಂದು ಮಧ್ಯಾಹ್ನ ಬಾಗಿಲಲ್ಲಿ ನಿಂತು ಅಂದೇಬಿಟ್ಟರು. "ಏನ ಕೇಳತೀಯವಾ ಇಷ್ಟು? ಜಾನಪದ ಹಾಡೇನು?"

ಭವಾನಿ ಹೆಡ್‌ಫೋನು ತೆಗೆದು ಅತ್ತೆಯ ತಲೆಗೇ ಹಾಕಿದಳು. ಶಿವಬಸಮ್ಮ ಎರಡು ಕೈಯಿಂದ ಮೆತ್ತೆ ಹಿಡಿದು ನಿಂತರು. ಹಳೆಯ ಕರೆಯೊಂದು ಓಡುತ್ತಿತ್ತು. ಯಲಬುರ್ಗಿ ಕಡೆಯ ರೈತ, ತೊಗರಿ ನಿಂತಲ್ಲೇ ಒಣಗುತ್ತಿದೆ ಎಂದು ಗೋಳಾಡುತ್ತಿದ್ದ.

"ಏ ತಮ್ಮಾ, ನೀರ ನಿಂತಿರಬೇಕು ನೋಡೋ ಹೊಲದಾಗ!" ಶಿವಬಸಮ್ಮ ಊರಿಗೇ ಕೇಳುವಂತೆ ಹೇಳಿದರು.

ಭವಾನಿಗೆ ನಗು ತಡೆಯಲಾಗಲಿಲ್ಲ. ಶಿವಬಸಮ್ಮನೂ ನಕ್ಕರು. ಹೆಡ್‌ಫೋನು ತೆಗೆದು ಕೊಡುತ್ತ, "ಪಾಪ, ಎಷ್ಟ ಸಂಕಟದಾಗ ಅದಾನ," ಎಂದರು. ಆಮೇಲೆ ದನಿ ಇಳಿಸಿದರು. "ಭವಾನಿ, ನಾ ನಮ್ಮ ಅತ್ತಿಯವರಿಗೆ ಅವರು ಸಾಯೂತನಕ ಓ ಅಂದೀನಿ. ಒಂದ ಸಲ ಹಿತ್ತಲದಾಗ ಕೇಳಿಸಲಿಲ್ಲ ಅಂತ ಎರಡ ದಿನ ನನ್ನ ಮಾತಾಡಸಲಿಲ್ಲ. ಒಂದ ಕಿವಿಯರ ತಗದಿಡವಾ. ಮನಿ ಶಾಂತ ಇರ್ತೈತಿ."

"ಒಂದ ಕಿವಿ ತಗದ್ರ ಕೆಲಸ ಹೋಗ್ತೈತ್ರಿ ಅತ್ತೀ."

"ಹಂಗೇನ ಆಗೂದಿಲ್ಲ. ಮಾಡಿ ನೋಡು."

ಮಾಡಿ ನೋಡಿದಳು. ಮೂರನೆಯ ವಾರ ಎಡಗಿವಿಯ ಮೆತ್ತೆಯನ್ನು ಹಿಂದಕ್ಕೆ ಸರಿಸಿ ಕುಳಿತಳು. ಆ ದಿನಗಳಲ್ಲಿ ನಿಜವಾದ ರೈತರ ಕರೆ ತೆಗೆದುಕೊಳ್ಳಲು ಬಿಡುತ್ತಿದ್ದರು; ಕಂಪನಿಯ ಮಹೇಶ್ವರಿ ಮೇಡಂ ಎಂಬವರು ಹುಬ್ಬಳ್ಳಿಯಲ್ಲೇ ಕುಳಿತು ಲೈನಿನಲ್ಲಿ ಕೇಳುತ್ತಿದ್ದರು. ಕುಷ್ಟಗಿಯ ರೈತನೊಬ್ಬ ಔಷಧ ಎಷ್ಟು ಬೆರೆಸಬೇಕು ಎಂದು ಕೇಳುತ್ತಿದ್ದಾಗ ಕಟ್ಟೆಯಿಂದ "ಯಾರದೀರಿ ಒಳಗ?" ಬಂತು. ಅಭ್ಯಾಸಬಲ. "ಬಂದೆ ರೀ ಮಾವಾರ!" ಎಂದು ಭವಾನಿ ಮೈಕಿನಲ್ಲೇ ಒದರಿದಳು.

"ಎಲ್ಲಿಗೆ ಬರ್ತೀಯವಾ?" ಎಂದ ರೈತ.

ಮಹೇಶ್ವರಿ ಮೇಡಂ ನಗಲಿಲ್ಲ. "ಭವಾನಿ, ನಿಮ್ಮ ದನಿ ಛಲೋ ಐತಿ, ವಿಷಯಾನೂ ಗೊತ್ತೈತಿ. ಆದ್ರ ನಿಮ್ಮ ಮನಿ ಗದ್ದಲ ಭಾಳ ಆತು. ಪರೀಕ್ಷಾ ದಿವಸ ಹಿಂಗಾದ್ರ ನಾ ಏನೂ ಮಾಡಾಕ ಬರೂದಿಲ್ಲ."

ಅವತ್ತಿನಿಂದ ಭವಾನಿ ಮತ್ತೆ ಎರಡೂ ಕಿವಿ ಮುಚ್ಚಿದಳು. ಜೊತೆಗೆ ಕೋಣೆಯ ಚಿಲಕವನ್ನೂ ಹಾಕಿಕೊಂಡಳು. ಸೊಸೆ ಹಗಲು ಹೊತ್ತಿನಲ್ಲಿ ಚಿಲಕ ಹಾಕಿಕೊಂಡದ್ದು ವಿರೂಪಾಕ್ಷಪ್ಪನವರಿಗೆ ಬೆಂಕಿ ಹಚ್ಚಿದಂತಾಯಿತು.

"ಕರದ್ರ ಓ ಅನ್ನದ ಮನ್ಯಾಗ ನಾ ಉಣ್ಣಾಂಗಿಲ್ಲ," ಎಂದು ಪರೀಕ್ಷೆಗೆ ಎರಡು ದಿನವಿರುವಾಗ ಹೆಗಲ ಮೇಲೆ ಟವೆಲ್ ಹಾಕಿಕೊಂಡು ಬಸ್ ನಿಲ್ದಾಣದ ಹೋಟೆಲಿಗೆ ಹೋದರು. ಊರ ಮಂದಿ ನೋಡಲಿ ಎಂದೇ ಹೊರಗಿನ ಬೆಂಚಿನ ಮೇಲೆ ಕುಳಿತು ಮಿರ್ಚಿ ಮಂಡಕ್ಕಿ ತಿಂದರು. ಮರುದಿನವೂ ಅಷ್ಟೆ. ಹೋಟೆಲಿನ ವೆಂಕಟೇಶ, "ಯಾಕ್ರೀ ಯಜಮಾನ್ರ, ಮನ್ಯಾಗ ಯಾರೂ ಇಲ್ಲೇನ್ರಿ?" ಎಂದು ಕೇಳಿದ. "ಅದಾರ, ಇದ್ದೂ ಇಲ್ಲ," ಎಂದರು. ಆ ಮಾತು ಅವರಿಗಿಂತ ಮೊದಲೇ ಮನೆ ಮುಟ್ಟಿತು.

ಶಿವಬಸಮ್ಮ ಒಲೆಯ ಮುಂದೆ ಕುಳಿತು ಅತ್ತರು. "ಮನಿತನದ ಮಾನ ಹೋಟೆಲ್ದಾಗ ಹರಾಜ್ ಆತು. ಹಾಲೇಶಾ, ನೀ ಗಂಡಸು ಹೌದೋ ಅಲ್ಲೋ?"

"ನಾ ಏನ ಮಾಡ್ಲಿ ಅವ್ವಾ? ಅಪ್ಪಗ ಹೇಳಾಕ ಬರೂದಿಲ್ಲ, ಇಕಿಗೆ ಹೇಳಿದ್ರ ಕೇಳೂದಿಲ್ಲ."

"ಅಪ್ಪಗ ಹೇಳಾಕ ಯಾಕ ಬರೂದಿಲ್ರಿ?" ಭವಾನಿ ರೊಟ್ಟಿ ಬಡಿಯುವ ಕೈ ನಿಲ್ಲಿಸಿ ಕೇಳಿದಳು. "ಬಾಯಿಲ್ಲೇನ್ರಿ? ನಾಳೆ ಒಂದ ದಿವಸ ಪರೀಕ್ಷಾ ಐತಿ. ನಾಳೆ ಒಂದ ದಿವಸ ಸುಮ್ಮನ ಇರ್ರಿ ಅನ್ನಾಕ ಏನಾಗೇತಿ?"

ಅಷ್ಟರಲ್ಲಿ ಹಾಲೇಶನ ತಲೆಯಲ್ಲಿ ಒಂದು ಉಪಾಯ ಹೊಳೆದಿತ್ತು. ಯಾರನ್ನೂ ಎದುರು ಹಾಕಿಕೊಳ್ಳದೆ ಇರುವ ಮನುಷ್ಯನಿಗೆ ಹೊಳೆಯುವ ಉಪಾಯಗಳೆಲ್ಲ ಹೀಗೇ ಇರುತ್ತವೆ.

ಮರುದಿನ ಬೆಳಿಗ್ಗೆ ಭವಾನಿ ಸ್ನಾನಕ್ಕೆ ಹೋದಾಗ ಅವನು ಇಕ್ಕಳ ತೆಗೆದುಕೊಂಡು ಚೀಲದ ಕೋಣೆಗೆ ಹೋದ. ಅವಳು ಕೂರುವ ಜಾಗದಲ್ಲಿ ಬಾಗಿಲು ಎಡಕ್ಕೆ ಬರುತ್ತದೆ. ಎಡಗಿವಿಗೆ ಹೋಗುವ ವೈರನ್ನು ಕಟಕ್ಕನೆ ಕತ್ತರಿಸಿದ. ತುದಿಗಳಿಗೆ ಬೇರೆ ಬೇರೆಯಾಗಿ ಕರಿ ಟೇಪು ಸುತ್ತಿ, ಮೇಲಿಂದ ಎರಡನ್ನೂ ಜೋಡಿಸಿ ಮತ್ತೊಂದು ಸುತ್ತು ಹಾಕಿದ. ದೂರದಿಂದ ನೋಡಿದರೆ ಏನೂ ಗೊತ್ತಾಗುತ್ತಿರಲಿಲ್ಲ. ಬಲಗಿವಿಯಲ್ಲಿ ರೈತರು ಕೇಳಿಸುತ್ತಾರೆ, ಎಡಗಿವಿಯಲ್ಲಿ ಏನೂ ಗುಂಯ್ಗುಡದಿದ್ದರೆ ಅಪ್ಪನ ಕೂಗು ಕೇಳಿಸುತ್ತದೆ. ಇಬ್ಬರಿಗೂ ಒಂದೊಂದು ಕಿವಿ ಹಂಚಿದಂತಾಯಿತು. ಎಂಥ ನ್ಯಾಯ!

ಚಹಾ ಕುಡಿಯುವಾಗ ಅಪ್ಪನಿಗೆ ಪಿಸುಗುಟ್ಟಿದ. "ಇವತ್ತಿಂದ ಅಕಿಗೆ ಕೇಳಿಸ್ತೈತಪಾ. ಮಧ್ಯಾಹ್ನ ಮನ್ಯಾಗ ಉಣ್ಣು. ನಾನೂ ಬರ್ತೀನಿ." ತಾಯಿಗೂ ಹೇಳಿದ. ಅಲ್ಲೇ ಇದ್ದ ರೂಪಾಳಿಗೂ ಗೊತ್ತಾಯಿತು. ಮನೆಯಲ್ಲಿ ಗೊತ್ತಿಲ್ಲದವಳು ಭವಾನಿ ಒಬ್ಬಳೇ.

ಪರೀಕ್ಷೆ ಶುರುವಾಗುವುದು ಹನ್ನೆರಡು ಗಂಟೆಗೆ. ಅವಳು ದೇವರಿಗೆ ಊದಿನಕಡ್ಡಿ ಹಚ್ಚಿ ಬಂದು ಹೆಡ್‌ಫೋನು ಹಾಕಿಕೊಂಡಳು. ಎಡಗಿವಿ ಮೌನವಾಗಿತ್ತು. ಪಿನ್ನು ತೆಗೆದು ಸಿಕ್ಕಿಸಿದಳು. ಅಷ್ಟರಲ್ಲಿ ಮೊದಲ ಕರೆ ಬಂದೇಬಿಟ್ಟಿತು.

"ಹಲೋ, ಬೀಜದ ಕಂಪನಿ ಏನ್ರಿ?"

"ನಮಸ್ಕಾರ್ರಿ, ನಾ ಭವಾನಿ ಮಾತಾಡಾಕತ್ತೀನಿ, ಹೇಳ್ರಿ."

"ಹಲೋ? ಹಲೋ? ಯಾರೂ ಮಾತಾಡವಲ್ಲರು." ಫೋನು ಕಟ್ಟಾಯಿತು.

ಎರಡನೆಯವನು, "ಬೀಜ ಮಾರೂಮುಂದ ಮನಿತನಕ ಬರ್ತಾರ, ಈಗ ಫೋನ್ ಎತ್ತಿ ಸುಮ್ಮನ ಕುಂದ್ರತಾರ ಮಂಗ್ಯಾನಮಕ್ಕಳು," ಎಂದು ಬೈದು ಇಟ್ಟ. ಮೂರನೆಯದು ಶ್ರೀರಾಮನಗರದ ಹೆಣ್ಣುಮಗಳು. ಭತ್ತದ ಗರಿ ಸುಟ್ಟಂತಾಗಿವೆ, ಗಂಡ ಊರಲ್ಲಿಲ್ಲ, ಏನು ಹೊಡೆಯಬೇಕು ಎಂದು ಒಂದೇ ಉಸಿರಿಗೆ ಹೇಳಿದಳು. ಅದಕ್ಕೆ ಏನು ಹೊಡೆಯಬೇಕೆಂದು ಭವಾನಿಗೆ ಗೊತ್ತಿತ್ತು. ಹೇಳಿದಳು, ಮತ್ತೆ ಹೇಳಿದಳು, ಕಡ್ಡಿಮೈಕನ್ನು ತುಟಿಗೆ ಒತ್ತಿಕೊಂಡು ಕೂಗಿ ಹೇಳಿದಳು.

"ಯವ್ವಾ, ಯಾರರ ಅದೀರೇನವಾ ಅಲ್ಲಿ?"

"ಅದೀನ್ರೀ! ನಾ ಅದೀನ್ರಿ ಇಲ್ಲಿ!"

ಕಟ್ಟೆಯ ಮೇಲಿದ್ದ ವಿರೂಪಾಕ್ಷಪ್ಪನವರಿಗೆ ಅದು ಕೇಳಿಸಿತು. "ನೋಡಿದೇನು?" ಎಂದು ಹೆಂಡತಿಗೆ ಹೇಳಿದರು. "ಇವತ್ತ ಕರಿಯೂದಕ್ಕ ಮೊದಲಾ ಓ ಅನ್ನಾಕತ್ತಾಳ."

ಲ್ಯಾಪ್‌ಟಾಪು ಹಳೆಯದು, ಅದರ ಸ್ವಂತ ಮೈಕು ಕೊಳ್ಳುವಾಗಲೇ ಕೆಟ್ಟಿತ್ತು. ಅರ್ಧ ತಾಸಿನಲ್ಲಿ ಪರದೆಯ ಮೇಲೆ, ನಿಮ್ಮ ಪರೀಕ್ಷೆ ನಿಲ್ಲಿಸಲಾಗಿದೆ ಎಂದು ಬಂತು. ಭವಾನಿ ಹೆಡ್‌ಫೋನು ತೆಗೆದು ವೈರನ್ನು ಪಿನ್ನಿನಿಂದ ಮೇಲಕ್ಕೆ ಬೆರಳಿನಲ್ಲಿ ಸವರುತ್ತ ಹೋದಳು. ಟೇಪು ಸಿಕ್ಕಿತು. ಬಿಚ್ಚಿದಳು. ಎರಡು ತುದಿ ಕೈಯಲ್ಲಿ ಬಂದವು. ಮೈಕಿನ ವೈರೂ ಆ ಎಡಗಿವಿಯ ವೈರಿನೊಳಗೇ ಇತ್ತು.

ಊಟಕ್ಕೆ ಎಲ್ಲರೂ ಕುಳಿತಿದ್ದರು. ವಿರೂಪಾಕ್ಷಪ್ಪನವರು ಎರಡು ದಿನದ ಮೇಲೆ ಮನೆಯ ಅನ್ನಕ್ಕೆ ತುಪ್ಪ ಹಾಕಿಸಿಕೊಳ್ಳುತ್ತಿದ್ದರು. ಭವಾನಿ ತುಂಡಾದ ವೈರನ್ನು ತಾಟುಗಳ ನಡುವೆ ಒಗೆದಳು.

"ಯಾರು ಕತ್ತರಿಸಿದ್ರಿ?"

ರೂಪಾ ಅಣ್ಣನ ಮುಖ ನೋಡಿದಳು.

"ಒಂದ ಕಿವಿ ಅಷ್ಟ ಭವಾನಿ," ಹಾಲೇಶ ತಲೆ ತಗ್ಗಿಸಿ ಅಂದ. "ಇನ್ನೊಂದು ಛಲೋ ಐತಲ್ಲ. ನಿನ್ನ ಕೆಲಸಾನೂ ಆಗ್ಲಿ, ಅಪ್ಪನ ಮಾತೂ ಉಳೀಲಿ ಅಂತ..."

"ಮೈಕ್ ಸತ್ತೈತ್ರಿ! ನಾ ಒದರಿ ಒದರಿ ಸತ್ತೆ, ಒಬ್ಬರಿಗೂ ಕೇಳಿಸಲಿಲ್ಲ! ನನ್ನ ಕೇಳಬೇಕು ಅಂತ ಅನ್ನಿಸಲಿಲ್ಲೇನ್ರಿ ನಿಮಗ? ನಿಮಗೆಲ್ಲಾ ಗೊತ್ತಿತ್ತು, ಅಲ್ಲೇನು? ಅತ್ತೀ, ನಿಮಗೂ ಗೊತ್ತಿತ್ತೇನ್ರಿ?"

ಶಿವಬಸಮ್ಮ ಸೆರಗಿನಿಂದ ಬಾಯಿ ಒರೆಸಿಕೊಂಡರು.

"ಒಂದ ವೈರಿಗೆ ಇಷ್ಟು ಕೂಗಾಡಬ್ಯಾಡ," ವಿರೂಪಾಕ್ಷಪ್ಪನವರು ಅಂದರು. "ಪ್ಯಾಟ್ಯಾಗ ರಾಶಿ ಬಿದ್ದಾವು."

"ವೈರ್ ಸಿಗ್ತೈತ್ರಿ ಮಾವಾರ. ಇವತ್ತಿನ ಪರೀಕ್ಷಾ ಯಾವ ಅಂಗಡ್ಯಾಗ ಸಿಗ್ತೈತಿ, ಹೇಳ್ರಿ!"

ಅಷ್ಟರಲ್ಲಿ ಅವಳ ಮೊಬೈಲು ರಿಂಗಾಯಿತು. ಮಹೇಶ್ವರಿ ಮೇಡಂ. ಹಾಲೇಶ ದಡಬಡಿಸಿ ಎದ್ದು ಕೈ ಮುಗಿಯುವಂತೆ ಮಾಡಿದ. "ಇಲಿ ಕಡದೈತಿ ಅಂತ ಹೇಳು. ಭತ್ತದ ಚೀಲ ಅದಾವು, ನಂಬತಾರ. ಮನಿ ಮಾನದ ಪ್ರಶ್ನೆ ಐತಿ."

"ಹೌದವಾ, ಇಲಿ ಅನ್ನು," ಶಿವಬಸಮ್ಮನೂ ಅಂದರು.

ಭವಾನಿ ಫೋನನ್ನು ಸ್ಪೀಕರಿಗೆ ಹಾಕಿದಳು.

"ಏನಾತ್ರಿ ಭವಾನಿ? ನಿಮ್ಮ ದನೀನ ಬರಲಿಲ್ಲ."

"ಇಲಿ ಕಡದೈತಿ ಅಂತ ಹೇಳು ಅನ್ನಾಕತ್ತಾರ್ರಿ ಮೇಡಂ. ಇಲಿ ಅಲ್ಲ. ನನ್ನ ಗಂಡ ವೈರ್ ಕತ್ತರಿಸ್ಯಾನ್ರಿ. ನಮ್ಮ ಮಾವಾರು ಕರದದ್ದು ನನಗ ಕೇಳಿಸಲಿ ಅಂತ."

ಹಾಲೇಶ ಮುಗಿದ ಕೈ ಇಳಿಸಿ ಕುಳಿತುಬಿಟ್ಟ. ಆಮೇಲೆ ಮೇಡಂ ಅಂದರು. "ನೋಡ್ರಿ, ನಿಮ್ಮಂಥವರನ್ನ ಬಿಡಾಕ ನನಗೂ ಮನಸಿಲ್ಲ. ನಾಳೆ ಇನ್ನೊಮ್ಮೆ ಪರೀಕ್ಷಾ ಇಡ್ತೀನಿ. ಹೆಡ್‌ಫೋನ್ ಗಂಗಾವತಿಯಾಗ ತಗೋರಿ. ಆದ್ರ ಕೆಲಸದ ಹೊತ್ತಿನ್ಯಾಗ ಯಾರೂ ಕರಿಯೂದಿಲ್ಲ ಅಂತ ನಿಮ್ಮ ಮನಿ ಹಿರಿಯಾರು ಒಂದ ಮಾತ ಹೇಳಬೇಕು. ಇಲ್ಲಾಂದ್ರ ನಾ ಮ್ಯಾಲಿನವರಿಗೆ ಏನಂತ ಹೇಳ್ಲಿ? ಅದಾರೇನ್ರಿ ಅಲ್ಲಿ ಯಾರರ?"

ಭವಾನಿ ಫೋನನ್ನು ಗಂಡನ ಮುಂದೆ ಹಿಡಿದಳು. ಅವನು, "ಅಪ್ಪ ಹೇಳಲಿ," ಎಂದ. ಅವಳು ಅದನ್ನು ಮಾವನ ತಾಟಿನ ಪಕ್ಕ ಇಟ್ಟಳು.

"ಹಲೋ, ನಮಸ್ಕಾರ್ರಿ. ಕೇಳಿಸ್ತೈತೇನ್ರಿ?" ಮೇಡಂ ಕೇಳಿದರು.

ವಿರೂಪಾಕ್ಷಪ್ಪನವರು ಅನ್ನ ಕಲಸುತ್ತಿದ್ದರು.

"ಹಲೋ, ಯಜಮಾನ್ರ? ಅದೀರೇನ್ರಿ?"

ಅವರು ತುತ್ತು ಬಾಯಿಗಿಟ್ಟು ನಿಧಾನವಾಗಿ ಅಗಿದರು. ಒಂದು "ಹೂಂ" ಸಾಕಿತ್ತು. ಸಣ್ಣದೊಂದು "ಹೂಂ".

"ಹಲೋ? ಹಲೋ?" ಇನ್ನೊಂದು ಕ್ಷಣ ಕಾದು ಮೇಡಂ ಫೋನು ಇಟ್ಟರು. ಭವಾನಿ ಕೂಡಲೇ ತಿರುಗಿ ಫೋನು ಮಾಡಿದಳು. "ತಪ್ಪು ತಿಳೀಬ್ಯಾಡ್ರಿ ಭವಾನಿ," ಎಂದರು ಅವರು. "ನಿಮ್ಮ ಜಾಗಾಕ್ಕ ಬ್ಯಾರೆದವರನ್ನ ತಗೋತೀನಿ."

ವಿರೂಪಾಕ್ಷಪ್ಪನವರು ಮಜ್ಜಿಗೆ ಕುಡಿದು, ಕೈ ತೊಳೆದು, ಎಂದಿನಂತೆ ಕಟ್ಟೆಗೆ ಹೋಗಿ ಕುಳಿತರು. ಒಳಗೆ ಎಂಜಲು ತಾಟುಗಳು ಹಾಗೇ ಬಿದ್ದಿದ್ದವು. ಭವಾನಿ ಅಡುಗೆಮನೆಯ ಹೊಸ್ತಿಲ ಮೇಲೆ ಕುಳಿತಿದ್ದಳು. ಅವಳು ಅಳುತ್ತಿರಲಿಲ್ಲ.

"ಯಾರದೀರಿ ಒಳಗ?" ಕಟ್ಟೆಯಿಂದ ಕೂಗು ಬಂತು.

ಶಿವಬಸಮ್ಮ ನೆಲಕ್ಕೆ ಕೈ ಊರಿ ಏಳಹೋದರು. ಸೊಸೆಯ ಮುಖ ನೋಡಿ ಮತ್ತೆ ಕುಳಿತರು.

"ಎಲ್ಲಾರೂ ಅದೀವ್ರಿ ಮಾವಾರ!" ಭವಾನಿ ಓಣಿಗೆಲ್ಲ ಕೇಳುವಂತೆ ಕೂಗಿದಳು. "ನನಗ ಎರಡೂ ಕಿವ್ಯಾಗ ಛಲೋ ಕೇಳಿಸ್ತೈತಿ! ಆದ್ರ ನಾ ಬರಾಂಗಿಲ್ಲ!"

ಎದುರು ಮನೆಯ ಬಾಗಿಲು ತೆರೆದ ಸದ್ದಾಯಿತು. ಆಮೇಲೆ ವಿರೂಪಾಕ್ಷಪ್ಪನವರು ತಾವೇ ಎದ್ದು ಒಳಗೆ ಬಂದರು. ಹೊಸ್ತಿಲ ಮೇಲಿದ್ದ ಸೊಸೆ ಸರಿಯಲಿಲ್ಲ. ಪಕ್ಕದಿಂದ ತೂರಿಕೊಂಡು ಅಡುಗೆಮನೆಗೆ ಹೋದರು. ಗೂಡಿನಲ್ಲಿ, ಒಲೆಯ ಹತ್ತಿರ, ಹಂಡೆಯ ಹಿಂದೆ ಕಣ್ಣಾಡಿಸಿದರು.

"ನೀರಿನ ತಂಬಿಗಿ ಎಲ್ಲೈತಿ?" ಎಂದು ಕೇಳಿದರು.

ಯಾರೂ ಹೇಳಲಿಲ್ಲ.